ಪಹಣಿಯ ಶೋಧನೆ ಮತ್ತು ಸೂಚಿಯ ಕ್ರಮ

ಮುಂಗಾರಿನ ಬಿತ್ತನೆಗೆ ಮುನ್ನ ಬೆಳಗಾವಿ ಸೀಮೆಯ ರೈತನು ಸಿದ್ಧಪಡಿಸಿಕೊಳ್ಳಬೇಕಾದವುಗಳಲ್ಲಿ ಬೀಜಗೊಬ್ಬರಗಳಂತೆಯೇ ಹೊಲದ ಪಹಣಿಯೂ ಒಂದು. ಈ ಭಾಗದಲ್ಲಿ ಉತಾರೆಯೆಂದೇ ರೂಢಿಯಲ್ಲಿರುವ ಈ ಪತ್ರವು ಸಹಕಾರಿ ಸಂಘದ ಬೆಳೆಸಾಲಕ್ಕೂ ಬೆಳೆವಿಮೆಗೂ ಆಧಾರವಾದುದು. ಅನೇಕ ಗ್ರಾಮಗಳ ಜನರು ಒಂದೇ ವಾರದಲ್ಲಿ ಇದಕ್ಕಾಗಿ ಸೇವಾಕೇಂದ್ರಗಳಿಗೆ ಬರುವರು. ಆಗ ಅವರಿಗೆ ದೊರೆಯುವ ಉತ್ತರವು ಬಹುಸಲ “ಸರ್ವರ್ ನಿಧಾನವಾಗಿದೆ, ನಾಳೆ ಬನ್ನಿರಿ” ಎಂಬುದೇ ಆಗಿರುವುದು. ಒಂದು ದಿನದ ಕೂಲಿ ಹೋದರೆ ಹೋಗಲಿ. ನೆಲದ ಹದ ತಪ್ಪಿದರೆ ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಈ ವಿಳಂಬಕ್ಕೆ ಜನರು ಸಾಮಾನ್ಯವಾಗಿ ತಂತಿಯನ್ನೋ ಟವರನ್ನೋ ದೂಷಿಸುವರು. ಅದು ಅರ್ಧಸತ್ಯವು. ದಾಖಲೆಯನ್ನು ದೂರದಿಂದ ತರುವುದಕ್ಕೆ ಹಿಡಿಯುವ ಕಾಲ ಒಂದಾದರೆ, ಅದನ್ನು ಇದ್ದ ಸ್ಥಳದಲ್ಲಿ ಹುಡುಕಿ ತೆಗೆಯುವುದಕ್ಕೆ ಹಿಡಿಯುವ ಕಾಲ ಇನ್ನೊಂದು. ಎರಡನೆಯದು ಬಹುಮಟ್ಟಿಗೆ ದಾಖಲೆಗಳಿಗೆ ಕಟ್ಟಿದ ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಅವಲಂಬಿಸಿರುವುದು. ಸೂಚಿಯ ಆಯ್ಕೆಯಿಂದ ಶೋಧನೆಯ ವೇಗವು ಹೇಗೆ ಹೆಚ್ಚುವುದು, ಹೇಗೆ ಕುಂದುವುದು, ದೂರದ ಜಾಲವು ಇದರೊಡನೆ ಸೇರಿದಾಗ ಏನಾಗುವುದು ಎಂಬುದನ್ನು ಗ್ರಾಮಪ್ರಮುಖರಿಗೂ ಭೂಮಾಲಕರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಹಳೆಯ ದಫ್ತರದ ಏರ್ಪಾಡು

ಸೂಚಿಯೆಂಬುದು ಗಣಕಯಂತ್ರದೊಡನೆ ಹುಟ್ಟಿದ ಸಂಗತಿಯಲ್ಲ. ಬೆಳಗಾವಿ ಜಿಲ್ಲೆಯು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ ೧೯೦೩ರ ಕಾಯಿದೆಯಿಂದ ಹಕ್ಕುದಾಖಲೆಯು ನೆಲೆಗೊಂಡಿತು. ಗ್ರಾಮದ ದಫ್ತರದಲ್ಲಿ ಒಂದೇ ಭೂಮಿಯ ಸಂಗತಿಯು ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಕ್ರಮದಿಂದ ಬರೆಯಲ್ಪಡುತ್ತಿದ್ದಿತು. ೭-೧೨ ಎಂಬ ನಮೂನೆಯು ಸರ್ವೆ ನಂಬರಿನ ಕ್ರಮದಲ್ಲಿಯೂ, ೮-ಅ ಎಂಬುದು ಖಾತೆದಾರನ ಕ್ರಮದಲ್ಲಿಯೂ ಇದ್ದವು. ೬ನೆಯ ನಮೂನೆಯಲ್ಲಿ ಹಕ್ಕಿನ ಬದಲಾವಣೆಗಳು ಬಂದ ಬಂದ ಹಾಗೆ ಅನುಕ್ರಮವಾಗಿ ದಾಖಲಾಗುತ್ತಿದ್ದವು.

ಇದರ ಅರ್ಥವನ್ನು ಗಮನಿಸತಕ್ಕದ್ದು. “ಈ ಹೊಲ ಯಾರದು?” ಎಂದು ಕೇಳುವವನಿಗೆ ೭-೧೨ರಲ್ಲಿ ಕ್ಷಣಮಾತ್ರದಲ್ಲಿ ಉತ್ತರವು ದೊರೆಯುವುದು. “ಈ ಮನುಷ್ಯನಿಗೆ ಊರಿನಲ್ಲಿ ಎಷ್ಟು ಹೊಲಗಳಿವೆ?” ಎಂದು ಕೇಳುವವನಿಗೆ ಆ ಪುಸ್ತಕದ ಪ್ರತಿಯೊಂದು ಪುಟವನ್ನೂ ತಿರುವಬೇಕಾಗುವುದು; ೮-ಅ ಪುಸ್ತಕವಿದ್ದರೆ ಅದೇ ಪ್ರಶ್ನೆಗೆ ಒಂದೇ ಪುಟದಲ್ಲಿ ಉತ್ತರವಿರುವುದು. ಭೂಮಿ ಅದೇ, ಹಕ್ಕು ಅದೇ; ಬರೆದಿಟ್ಟ ಕ್ರಮದಿಂದ ಮಾತ್ರವೇ ಒಂದು ಪ್ರಶ್ನೆ ಸುಲಭವಾಯಿತು, ಇನ್ನೊಂದು ಕಠಿನವಾಯಿತು.

೧೯೦೮ರ ನೋಂದಣಿ ಕಾಯಿದೆಯೂ ಇದೇ ತತ್ತ್ವವನ್ನು ಅನುಸರಿಸಿರುವುದು. ಅದರ ೫೫ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿಗೆ ಎರಡು ಸೂಚಿಗಳಿರತಕ್ಕದ್ದು. ೧ನೆಯ ಇಂಡೆಕ್ಸು ಪತ್ರವನ್ನು ಬರೆದುಕೊಟ್ಟವರ ಹಾಗೂ ಅದರಿಂದ ಹಕ್ಕು ಪಡೆದವರ ಹೆಸರುಗಳಿಗೆ ಸಂಬಂಧಿಸಿದುದು. ೨ನೆಯದು ಆಸ್ತಿಯ ವಿವರಕ್ಕೆ ಸಂಬಂಧಿಸಿದುದು. ಮನುಷ್ಯನನ್ನು ಹಿಡಿದು ಹುಡುಕುವವರೂ ಇರುವರು, ಹೊಲವನ್ನು ಹಿಡಿದು ಹುಡುಕುವವರೂ ಇರುವರು ಎಂಬುದನ್ನು ಕಾಯಿದೆಯನ್ನು ರಚಿಸಿದವರು ಬಲ್ಲವರಾಗಿದ್ದರು. ಕೇಳಲ್ಪಡುವ ಪ್ರಶ್ನೆಯನ್ನು ನೋಡಿ ಸೂಚಿಯನ್ನು ಕಟ್ಟಬೇಕೆಂಬುದೇ ಈ ವಿಷಯದ ಮೂಲಸೂತ್ರವು.

ಗಣಕದ ದಫ್ತರ

ವಂಶಪಾರಂಪರ್ಯವಾದ ಪಾಟೀಲ ಕುಲಕರ್ಣಿಗಳ ಹುದ್ದೆಗಳು ೧೯೬೧ರ ಕಾಯಿದೆಯಿಂದ ರದ್ದಾದವು. ತರುವಾಯ ದಫ್ತರವು ಸರಕಾರದ ಗ್ರಾಮಾಧಿಕಾರಿಗಳ ಕೈಗೆ ಬಂದಿತು. ೨೦೦೦ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಿಂದ ೧೭೭ ತಾಲ್ಲೂಕುಗಳ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು ೬೭ ಲಕ್ಷ ಭೂಮಾಲಕರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳು ಹೀಗೆ ಏರಿದವು. ಕೈಬರಹದ ಪಹಣಿಯ ಮಾನ್ಯತೆಯು ನಿಂತಿತು. ಮೊದಲಿಗೆ ಆಯಾ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದವು. ಅನಂತರ ಅವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿದವು.

ಇಂತಹ ಗಣಕದ ದಫ್ತರಕ್ಕೆ ಡೇಟಾಬೇಸ್ ಎಂದು ಹೆಸರು. ಅದರಲ್ಲಿ ಸೂಚಿಯಿಲ್ಲದಿದ್ದರೆ ಯಂತ್ರವೂ ಮೊದಲನೆಯ ದಾಖಲೆಯಿಂದ ಕೊನೆಯದರವರೆಗೆ ಓದುತ್ತ ಹೋಗಬೇಕಾಗುವುದು. ಯಂತ್ರವು ಕ್ಷಣಕ್ಕೆ ೨ ಲಕ್ಷ ದಾಖಲೆಗಳನ್ನು ಓದಬಲ್ಲುದೆಂದು ಉದಾಹರಣೆಗಾಗಿ ಭಾವಿಸಿದರೂ, ೨ ಕೋಟಿಗೆ ೧೦೦ ಕ್ಷಣಗಳು ಬೇಕು. ಒಬ್ಬನಿಗೆ ಇಷ್ಟಾದರೆ, ಒಂದೇ ಹೊತ್ತಿನಲ್ಲಿ ಸಾವಿರ ಜನರು ಕೇಳಿದಾಗ ಯಂತ್ರವು ಉಸಿರುಗಟ್ಟುವುದು ಸಹಜವೇ.

ದಾಖಲೆಗಳು ಕ್ರಮವಾಗಿದ್ದರೆ ಸಂಗತಿಯೇ ಬೇರೆ. ನಡುವಿನದನ್ನು ನೋಡಿ, ಬೇಕಾದುದು ಹಿಂದಿದೆಯೋ ಮುಂದಿದೆಯೋ ತಿಳಿದು, ಪ್ರತಿಸಲವೂ ಅರ್ಧವನ್ನು ಬಿಡುತ್ತ ಹೋದರೆ ೨ ಕೋಟಿಯಲ್ಲಿ ಒಂದನ್ನು ಹೆಚ್ಚೆಂದರೆ ೨೫ ಸಲದಲ್ಲಿ ಹಿಡಿಯಬಹುದು. ಇದಕ್ಕಿಂತಲೂ ಉತ್ತಮವಾದ ಏರ್ಪಾಡನ್ನು ಅಮೇರಿಕದ ಬೋಯಿಂಗ್ ಸಂಸ್ಥೆಯಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬ ವಿದ್ವಾಂಸರು ೧೯೭೦ರಲ್ಲಿ ಕಂಡುಹಿಡಿದರು. ಅದಕ್ಕೆ ಬಿ-ವೃಕ್ಷವೆಂದು ಹೆಸರು. ಇಂದಿನ ಬಹುತೇಕ ಡೇಟಾಬೇಸುಗಳ ಸೂಚಿಗಳು ಈ ಬಗೆಯವೇ ಆಗಿವೆ. ಇದರಲ್ಲಿ ಪ್ರತಿಯೊಂದು ಪುಟವೂ ಮುಂದಿನ ನೂರಾರು ಪುಟಗಳಿಗೆ ಕೈಮರದಂತೆ ದಾರಿ ತೋರಿಸುವುದು. ಒಂದು ಪುಟದಲ್ಲಿ ೨೦೦ ದಾರಿಗಳಿದ್ದರೆ, ಮೂರು ಹಂತಗಳಲ್ಲಿ ೮೦ ಲಕ್ಷ ದಾಖಲೆಗಳೂ ನಾಲ್ಕು ಹಂತಗಳಲ್ಲಿ ೧೬೦ ಕೋಟಿ ದಾಖಲೆಗಳೂ ಹಿಡಿಸುವುವು. ಆದುದರಿಂದ ೨ ಕೋಟಿಯಲ್ಲಿ ಒಂದು ಪಹಣಿಯನ್ನು ಹುಡುಕಲು ನಾಲ್ಕೇ ಪುಟಗಳನ್ನು ನೋಡಿದರೆ ಸಾಕು.

ಸೂಚಿಯೊಳಗಿನ ಕ್ರಮ

ಸೂಚಿಯಿದ್ದ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ಅದರೊಳಗೆ ಯಾವುದು ಮೊದಲು, ಯಾವುದು ತರುವಾಯ ಎಂಬುದೂ ಮುಖ್ಯವು. ಪಹಣಿಯನ್ನು ಕೇಳುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಎಂಬ ಕ್ರಮದಲ್ಲಿಯೇ ವಿವರಗಳನ್ನು ಕೊಡಬೇಕಾಗುವುದು. ಇದು ಬರಿಯ ಔಪಚಾರಿಕತೆಯಲ್ಲ. ೪೫ ಎಂಬ ಸರ್ವೆ ನಂಬರು ನಂದಗಡದಲ್ಲಿಯೂ ಇರಬಹುದು, ಜಾಂಬೋಟಿಯಲ್ಲಿಯೂ ಇರಬಹುದು, ನಾಡಿನ ಸಾವಿರಾರು ಗ್ರಾಮಗಳಲ್ಲಿಯೂ ಇರಬಹುದು. ಗ್ರಾಮವನ್ನು ಮೊದಲು ಹೇಳಿದಾಗ ಸೂಚಿಯು ೨ ಕೋಟಿ ದಾಖಲೆಗಳಿಂದ ಕೆಲವು ಸಾವಿರಕ್ಕೆ ಇಳಿಯುವುದು. ನಂಬರನ್ನು ಹೇಳಿದಾಗ ಕೆಲವಕ್ಕೆ ಇಳಿಯುವುದು. ಹಿಸ್ಸೆಯನ್ನು ಹೇಳಿದಾಗ ಒಂದಕ್ಕೆ ನಿಲ್ಲುವುದು.

ಇದನ್ನು ನಿಘಂಟಿಗೆ ಹೋಲಿಸಬಹುದು. ‘ಕ’ಕಾರದಿಂದ ಆರಂಭವಾಗುವ ಶಬ್ದಗಳನ್ನು ನಿಘಂಟಿನಲ್ಲಿ ಕೂಡಲೇ ತೆಗೆಯಬಹುದು. ಎರಡನೆಯ ಅಕ್ಷರವು ‘ಕ’ ಆಗಿರುವ ಶಬ್ದಗಳನ್ನು ತೆಗೆಯಬೇಕಾದರೆ ಗ್ರಂಥವೆಲ್ಲವನ್ನೂ ಓದಬೇಕು. ಅದರಂತೆಯೇ, ಗ್ರಾಮ ಮೊದಲು, ನಂಬರು ಆಮೇಲೆ ಎಂದು ಕಟ್ಟಿದ ಸೂಚಿಯು ಗ್ರಾಮವನ್ನು ಹೇಳದೆ ನಂಬರನ್ನು ಮಾತ್ರ ಹೇಳುವವನಿಗೆ ಬಹುಮಟ್ಟಿಗೆ ನಿರುಪಯೋಗಿಯು.

ಇನ್ನೊಂದು ಸೂಕ್ಷ್ಮವೂ ಉಂಟು. ಸರ್ವೆ ನಂಬರನ್ನು ಅಂಕಿಯೆಂದು ಶೇಖರಿಸಿದರೆ ೧, ೨, ೧೦, ೧೦೦ ಎಂಬ ಕ್ರಮವುಂಟಾಗುವುದು. ಅಕ್ಷರವೆಂದು ಶೇಖರಿಸಿದರೆ ೧, ೧೦, ೧೦೦, ೨ ಎಂದಾಗುವುದು. ಒಂದು ರೀತಿಯಲ್ಲಿ ಶೇಖರಿಸಿ ಇನ್ನೊಂದು ರೀತಿಯಲ್ಲಿ ಕೇಳಿದರೆ, ಯಂತ್ರವು ಪ್ರತಿಯೊಂದು ದಾಖಲೆಯನ್ನೂ ಪರಿವರ್ತಿಸಿ ನೋಡಬೇಕಾಗಿ ಬಂದು, ಸೂಚಿಯಿದ್ದೂ ಇಲ್ಲದಂತಾಗಬಹುದು.

ಹೆಸರಿಗೆ ಬದಲಾಗಿ ಸಂಕೇತಾಂಕವನ್ನು ಬಳಸುವುದರ ಲಾಭವೂ ಈ ಜಿಲ್ಲೆಯಲ್ಲಿ ಸ್ಪಷ್ಟವಾಗಿ ಕಾಣುವುದು. ಬೆಳಗಾಂ ಎಂದಿದ್ದ ಅಧಿಕೃತ ಹೆಸರು ೨೦೧೪ರ ನವೆಂಬರ್ ೧ರಂದು ಬೆಳಗಾವಿ ಎಂದಾಯಿತು. ದಾಖಲೆ ದಾಖಲೆಯಲ್ಲಿಯೂ ಜಿಲ್ಲೆಯ ಹೆಸರನ್ನೇ ಬರೆದು ಸೂಚಿ ಕಟ್ಟಿದ ಕಡೆಯಲ್ಲಿ ಅವೆಲ್ಲವನ್ನೂ ತಿದ್ದಬೇಕಾಗುವುದು. ಅಂಕವನ್ನು ಬಳಸಿದ ಕಡೆಯಲ್ಲಿ ಒಂದು ಪಟ್ಟಿಯ ಒಂದು ಸಾಲನ್ನು ತಿದ್ದಿದರೆ ಸಾಕಾಗುವುದು. ಬೆಳಗಾವಿ ನಗರದಲ್ಲಿ ಸರ್ವೆ ನಂಬರಲ್ಲದೆ ಸಿ.ಟಿ.ಎಸ್. ನಂಬರೆಂಬ ನಗರ ಭೂಮಾಪನದ ಅಂಕವೂ ಬಳಕೆಯಲ್ಲಿದೆ. ಊರಾಚೆಯ ಹೊಲವು ನಗರದೊಳಗೆ ಬಂದಾಗ ಹಳೆಯ ಅಂಕದಿಂದ ಹೊಸ ಅಂಕಕ್ಕೆ ದಾರಿ ತೋರಿಸುವ ಸೂಚಿಯಿಲ್ಲದಿದ್ದರೆ, ಹಿಂದಿನ ಹಕ್ಕುಗಳನ್ನು ಶೋಧಿಸುವವನು ಅರ್ಧದಾರಿಯಲ್ಲಿ ನಿಲ್ಲುವನು.

ಹೆಸರಿನಿಂದ ಹುಡುಕುವುದರ ಕಷ್ಟ

ನಂಬರನ್ನು ಬಲ್ಲ ಭೂಮಾಲಕನಿಗೆ ಮೇಲಿನ ಏರ್ಪಾಡು ಸಾಕು. ಅಜ್ಜನ ಹೆಸರನ್ನು ಮಾತ್ರ ಬಲ್ಲವಳಾಗಿ, ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ವಿಚಾರಿಸಲು ಬಂದ ಮಗಳಿಗೆ ಅದು ಸಾಲದು. ಅವಳಿಗೆ ಬೇಕಾದುದು ಹಳೆಯ ೮-ಅ ಪುಸ್ತಕದಂತಹ ಹೆಸರಿನ ಸೂಚಿಯು. ಅದನ್ನು ಕಟ್ಟುವುದು ನಂಬರಿನ ಸೂಚಿಯಷ್ಟು ಸುಲಭವಲ್ಲ.

ಪಾಟೀಲ ಎಂಬುದನ್ನು ಒಬ್ಬನು ಪಾಟಿಲ ಎಂದೂ ಇನ್ನೊಬ್ಬನು ಪಾಟೀಲ್ ಎಂದೂ ಬರೆಯುವನು. ಕಲ್ಲಪ್ಪನು ಇನ್ನೊಂದೆಡೆ ಕಲ್ಲಾಪ್ಪಾ ಆಗುವನು. ಕನ್ನಡವೂ ಮರಾಠಿಯೂ ಕೂಡಿ ನಡೆಯುವ ಖಾನಾಪುರದಂತಹ ತಾಲ್ಲೂಕಿನಲ್ಲಿ ಈ ಭೇದಗಳು ಇನ್ನೂ ಅಧಿಕ. ಮನುಷ್ಯನು ಇವನ್ನು ಒಂದೇ ಹೆಸರೆಂದು ಗ್ರಹಿಸುವನು. ಯಂತ್ರಕ್ಕೆ ಒಂದು ದೀರ್ಘದ ವ್ಯತ್ಯಾಸವೂ ಬೇರೆ ಹೆಸರೇ. ಮೇಲಾಗಿ ತನ್ನ ಹೆಸರು ಮೊದಲೋ, ತಂದೆಯ ಹೆಸರು ಮೊದಲೋ, ಮನೆತನದ ಹೆಸರು ಮೊದಲೋ ಎಂಬುದರಲ್ಲಿಯೂ ಏಕರೂಪತೆಯಿಲ್ಲ. ಹೆಸರಿನ ಆದಿಭಾಗವನ್ನು ಕೊಟ್ಟರೆ ಸಾಧಾರಣ ಸೂಚಿಯು ಸಹಾಯ ಮಾಡುವುದು. ನಡುವಿನ ಅಥವಾ ಕೊನೆಯ ಭಾಗವನ್ನು ಮಾತ್ರ ಕೊಟ್ಟರೆ ಅದು ಸಹಾಯ ಮಾಡಲಾರದು. ಅದಕ್ಕೆ ಹೆಸರನ್ನು ತುಂಡುತುಂಡಾಗಿ ಒಡೆದು ಕಟ್ಟಿದ ಬೇರೆಯೇ ಬಗೆಯ ಸೂಚಿ ಬೇಕು. ಗ್ರಾಮವನ್ನು ಮೊದಲು ಹೇಳಿ ಹೆಸರನ್ನು ಆಮೇಲೆ ಹೇಳುವ ಏರ್ಪಾಡಿದ್ದರೆ ಶ್ರಮವು ಬಹಳ ತಗ್ಗುವುದು. ಒಂದು ಗ್ರಾಮದ ಕೆಲವು ಸಾವಿರ ಹೆಸರುಗಳನ್ನು ಪೂರ್ತಿ ಓದಿದರೂ ಯಂತ್ರಕ್ಕೆ ಅದು ಭಾರವಲ್ಲ.

ಸೂಚಿಗೆ ತಗಲುವ ವೆಚ್ಚ

ಹಾಗಾದರೆ ಪ್ರತಿಯೊಂದು ಅಂಕಣಕ್ಕೂ ಒಂದೊಂದು ಸೂಚಿಯನ್ನು ಏಕೆ ಕಟ್ಟಬಾರದು ಎಂದು ವಾಚಕರು ಕೇಳಬಹುದು. ಹೊಲದ ಬದುಗಳಿಗೆ ಈ ಪ್ರಶ್ನೆಯನ್ನು ಹೋಲಿಸಿ ನೋಡಬೇಕು. ಬದುವು ಹೊಲಕ್ಕೆ ಹಿತಕರವೇ. ಆದರೆ ಪ್ರತಿಯೊಂದು ಬದುವೂ ಸ್ವಲ್ಪ ನೆಲವನ್ನು ತಿನ್ನುವುದು, ವರ್ಷವರ್ಷವೂ ದುರಸ್ತಿಯನ್ನು ಬೇಡುವುದು. ಸೂಚಿಯೂ ಹಾಗೆಯೇ. ನಾಲ್ವರು ಅಣ್ಣತಮ್ಮಂದಿರು ಒಂದು ಹೊಲವನ್ನು ಹಂಚಿಕೊಂಡರೆ ಒಂದು ದಾಖಲೆಯ ಸ್ಥಳದಲ್ಲಿ ನಾಲ್ಕು ಉಂಟಾಗುವುವು. ಐದು ಸೂಚಿಗಳಿದ್ದರೆ ೨೦ ಹೊಸ ನಮೂದುಗಳನ್ನು ಬರೆದು, ಹಳೆಯ ಐದನ್ನು ತೆಗೆಯಬೇಕಾಗುವುದು. ದಾಖಲೆಯನ್ನು ಓದುವುದಕ್ಕೆ ಸೂಚಿಯು ಎಷ್ಟು ಅನುಕೂಲವೋ ಬರೆಯುವುದಕ್ಕೆ ಅಷ್ಟಷ್ಟೂ ಹೊರೆಯಾಗುವುದು. ಪಹಣಿಯನ್ನು ಓದುವವರು ಹೆಚ್ಚು, ಬದಲಾಯಿಸುವವರು ಕಡಿಮೆ. ಆದುದರಿಂದ ಅಲ್ಲಿ ಕೆಲವು ಸೂಚಿಗಳ ಹೊರೆಯನ್ನು ಹೊರಬಹುದು. ಇಡೀ ನಾಡಿನ ಬೆಳೆ ಸಮೀಕ್ಷೆಯನ್ನು ಕೆಲವೇ ವಾರಗಳಲ್ಲಿ ಬರೆದುಕೊಳ್ಳುವಂತಹ ದಫ್ತರದಲ್ಲಿ ಅತಿಯಾದ ಸೂಚಿಗಳು ಕೆಲಸವನ್ನೇ ತಡೆಯುವುವು.

ಕೆಲವು ಸೂಚಿಗಳು ಎಷ್ಟಿದ್ದರೂ ನಿಷ್ಪ್ರಯೋಜಕವಾದವು. ಜಿರಾಯತ, ತರಿ, ಬಾಗಾಯತ ಎಂಬ ಮೂರೇ ವರ್ಗಗಳ ಮೇಲೆ ಸೂಚಿ ಕಟ್ಟಿದರೆ, ಒಂದೊಂದು ವರ್ಗಕ್ಕೂ ಲಕ್ಷಗಟ್ಟಲೆ ದಾಖಲೆಗಳು ಬರುವುವು. ಅಷ್ಟನ್ನು ಒಂದೊಂದಾಗಿ ಸೂಚಿಯ ಮೂಲಕ ತೆಗೆಯುವುದಕ್ಕಿಂತ ದಫ್ತರವನ್ನೆಲ್ಲ ನೇರವಾಗಿ ಓದುವುದೇ ಲೇಸು. ಅದೇ ವರ್ಗವನ್ನು ಗ್ರಾಮದ ಹಿಂದೆ ಸೇರಿಸಿದರೆ ಉಪಯುಕ್ತವಾಗುವುದು. ಬಹಳವನ್ನು ಬಿಟ್ಟು ಸ್ವಲ್ಪವನ್ನು ಆರಿಸಿಕೊಡುವ ಸೂಚಿಯೇ ಒಳ್ಳೆಯ ಸೂಚಿಯು.

ಜಾಲದ ದೂರ

ಇನ್ನು ದೂರದ ಸಂಗತಿ. ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯ ದಾರಿ ಸುಮಾರು ೫೦೦ ಕಿಲೋಮೀಟರು. ಗಾಜಿನ ತಂತಿಯೊಳಗೆ ಬೆಳಕು ಕ್ಷಣಕ್ಕೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುವುದು. ಆ ಲೆಕ್ಕದಲ್ಲಿ ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಕ್ಷಣದ ೨೦೦ನೆಯ ಒಂದು ಭಾಗ ಸಾಕು. ವಾಸ್ತವದಲ್ಲಿ ನಡುವಣ ಅನೇಕ ಠಾಣೆಗಳಲ್ಲಿ ಸಂದೇಶವು ತಡೆದು ಹೋಗಬೇಕಾಗುವುದು. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಯ ಕಾಡುಬೆಟ್ಟಗಳಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಟವರಿನ ಸಂಪರ್ಕವು ನಗರದಲ್ಲಿದ್ದಂತೆ ಇರಲಾರದು. ಅಲ್ಲಿ ಒಂದು ಹೋಗಿಬರುವಿಕೆಗೆ ಕ್ಷಣದ ಹತ್ತನೆಯ ಒಂದು ಭಾಗ ಹಿಡಿಯುವುದೆಂದು ಇಟ್ಟುಕೊಳ್ಳೋಣ.

ಒಬ್ಬನಿಗೆ ಒಂದು ಪಹಣಿಯಾದರೆ ಈ ವಿಳಂಬವು ಗಮನಕ್ಕೂ ಬಾರದು. ಸಹಕಾರಿ ಸಂಘವೊಂದು ೩೦೦ ಸದಸ್ಯರ ಪಹಣಿಗಳನ್ನು ಪರಿಶೀಲಿಸುವಾಗ, ಅದರ ಯಂತ್ರವು ಒಂದೊಂದನ್ನೇ ಕೇಳಿ, ಉತ್ತರಕ್ಕೆ ಕಾದು, ಮತ್ತೊಂದನ್ನು ಕೇಳಿದರೆ, ೩೦೦ ಹೋಗಿಬರುವಿಕೆಗಳಿಗೆ ೩೦ ಕ್ಷಣಗಳು ದಾರಿಯಲ್ಲಿಯೇ ಕಳೆಯುವುವು. ಬೆಂಗಳೂರಿನ ಸೂಚಿಯು ಎಷ್ಟೇ ಉತ್ತಮವಾಗಿದ್ದರೂ ಈ ಕಾಲವು ಉಳಿಯದು. ೩೦೦ ನಂಬರುಗಳನ್ನೂ ಒಂದೇ ಪಟ್ಟಿಯಲ್ಲಿ ಕೇಳಿದರೆ ಒಂದೇ ಪ್ರಯಾಣದಲ್ಲಿ ಕೆಲಸವಾಗುವುದು. ಸಂತೆಯಿಂದ ಉಪ್ಪನ್ನು ಒಮ್ಮೆ, ಮೆಣಸಿನಕಾಯಿಯನ್ನು ಇನ್ನೊಮ್ಮೆ ತರಲು ಯಾರೂ ಬಂಡಿಯನ್ನು ಎರಡು ಸಲ ಕಟ್ಟುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ದೊಡ್ಡ ಗ್ರಾಮವೊಂದರ ೪,೦೦೦ ದಾಖಲೆಗಳನ್ನೂ ತರಿಸಿಕೊಂಡು, ಬೇಕಾದ ೨೦ನ್ನು ತನ್ನ ಯಂತ್ರದಲ್ಲಿ ಆರಿಸಿಕೊಳ್ಳುವ ಪದ್ಧತಿಯು ಕೆಲವು ತಂತ್ರಾಂಶಗಳಲ್ಲಿರುವುದು. ದಾಖಲೆಯೊಂದಕ್ಕೆ ೨,೦೦೦ ಬೈಟುಗಳಾದರೆ ಒಟ್ಟು ೮೦ ಲಕ್ಷ ಬೈಟುಗಳು. ಕ್ಷಣಕ್ಕೆ ೧೦ ಲಕ್ಷ ಬಿಟ್ಟುಗಳನ್ನು ಸಾಗಿಸುವ ಸಂಪರ್ಕದಲ್ಲಿ ಇದಕ್ಕೆ ೬೪ ಕ್ಷಣಗಳು ಬೇಕು. ಆರಿಸುವ ಕೆಲಸವನ್ನು ಸೂಚಿಯ ಸಹಾಯದಿಂದ ದೂರದ ಯಂತ್ರದಲ್ಲಿಯೇ ಮಾಡಿಸಿ ೨೦ನ್ನು ಮಾತ್ರ ತರಿಸಿದರೆ ಒಂದು ಕ್ಷಣದ ಮೂರನೆಯ ಒಂದು ಭಾಗವು ಸಾಕು. ರಾಶಿಯನ್ನು ಕಣದಲ್ಲಿ ತೂರಿ ಕಾಳನ್ನು ಮನೆಗೆ ತರಬೇಕಲ್ಲದೆ, ಹೊಟ್ಟುಸಹಿತ ಮನೆಗೆ ಹೊತ್ತು ತಂದು ತೂರಬಾರದು.

ದೋಷವೆಲ್ಲಿದೆಯೆಂದು ತಿಳಿಯುವ ಬಗೆ

ಸೂಚಿಯ ದೋಷಕ್ಕೂ ಸಂಪರ್ಕದ ದೋಷಕ್ಕೂ ಲಕ್ಷಣಗಳು ಬೇರೆ ಬೇರೆ. ಸರ್ವೆ ನಂಬರಿನಿಂದ ಕೇಳಿದುದು ಕೂಡಲೇ ಬಂದು, ಹೆಸರಿನಿಂದ ಕೇಳಿದುದು ಯಾವ ಹೊತ್ತಿನಲ್ಲಿಯೂ ತಡವಾಗಿ ಬಂದರೆ, ಸೂಚಿಯ ಕೊರತೆಯೆಂದು ಊಹಿಸಬಹುದು. ಯಾವ ಪುಟವನ್ನು ತೆರೆದರೂ ನಿಧಾನವಾಗಿದ್ದು, ಅದೇ ಹೊತ್ತಿನಲ್ಲಿ ಖಾನಾಪುರ ಪೇಟೆಯಲ್ಲಿ ಶೀಘ್ರವಾಗಿದ್ದರೆ, ಊರಿನ ಸಂಪರ್ಕವು ದುರ್ಬಲವಾದುದು. ಮುಂಜಾನೆ ಸರಾಗವಾಗಿದ್ದು ಮಧ್ಯಾಹ್ನಕ್ಕೆ ಎಲ್ಲ ಊರುಗಳಲ್ಲಿಯೂ ನಿಂತರೆ, ಜನಸಂದಣಿಯ ಭಾರವೆಂದು ತಿಳಿಯತಕ್ಕದ್ದು. ಈ ಭೇದವನ್ನು ಬರೆದು ತಿಳಿಸುವ ದೂರು “ಸರ್ವರ್ ಸರಿಯಿಲ್ಲ” ಎಂಬ ಒಂದು ಸಾಲಿನ ದೂರಿಗಿಂತ ಬೇಗನೆ ಫಲ ಕೊಡುವುದು.

ಗ್ರಾಮಪ್ರಮುಖರೂ ಭೂಮಾಲಕರೂ ಲಕ್ಷಿಸಬೇಕಾದ ಸಂಗತಿಗಳು

೧. ಪ್ರತಿಯೊಂದು ಮನೆತನವೂ ತನ್ನ ಎಲ್ಲ ಹೊಲಗಳ ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ, ಖಾತೆ ನಂಬರುಗಳನ್ನು ಒಂದು ಕಾಗದದಲ್ಲಿ ಬರೆದು, ಆಸ್ತಿಯಲ್ಲಿ ಹಕ್ಕುಳ್ಳ ಹೆಣ್ಣುಮಕ್ಕಳಿಗೂ ಅದರ ಪ್ರತಿಯನ್ನು ಕೊಡತಕ್ಕದ್ದು.

೨. ಪಹಣಿಯಲ್ಲಿರುವ ಹೆಸರೂ ಆಧಾರ್ ಹಾಗೂ ಬ್ಯಾಂಕಿನ ಪುಸ್ತಕಗಳಲ್ಲಿರುವ ಹೆಸರೂ ಒಂದೇ ರೀತಿಯಲ್ಲಿವೆಯೋ ಎಂಬುದನ್ನು ಬಿತ್ತನೆಗೆ ಮುಂಚೆಯೇ ನೋಡಿ, ವ್ಯತ್ಯಾಸವಿದ್ದರೆ ತಿದ್ದುಪಡಿಗೆ ಅರ್ಜಿ ಕೊಡತಕ್ಕದ್ದು.

೩. ಉತ್ತರವು ತಡವಾದಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಪ್ರತಿಯೊಂದು ಒತ್ತುವಿಕೆಯೂ ಹೊಸ ಪ್ರಶ್ನೆಯಾಗಿ ಹೋಗಿ ದಟ್ಟಣೆಯನ್ನು ಹೆಚ್ಚಿಸಬಹುದು.

೪. ಪಹಣಿಯ ಪ್ರತಿಗಳನ್ನು ಜನಸಂದಣಿಯ ವಾರಕ್ಕೆ ಕಾಯದೆ, ಬೇಕಾಗುವ ಮುಂಚೆ ಪಡೆದಿಡುವುದು ಲೇಸು.

೫. ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರಕಾರವು ೨೦೨೨ರಲ್ಲಿ ಒಪ್ಪಿಗೆಯಿತ್ತಿತು. ತಂತ್ರಾಂಶವನ್ನು ಪಡೆಯುವ ಸಂಘಗಳ ಆಡಳಿತದವರು ಸದಸ್ಯರು ದಿನವೂ ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಮೊದಲು ಮಾಡಿ, ಒಂದೊಂದಕ್ಕೂ ಸೂಚಿಯಿದೆಯೇ, ಅನೇಕ ದಾಖಲೆಗಳನ್ನು ಒಂದೇ ಸಲ ಕೇಳಬಹುದೇ, ಆಯ್ಕೆಯು ಯಾವ ಯಂತ್ರದಲ್ಲಿ ನಡೆಯುವುದು ಎಂದು ವಿಚಾರಿಸತಕ್ಕದ್ದು. ನಗರದ ಕಚೇರಿಯಲ್ಲಿ ಮಾತ್ರವೇ ಪರೀಕ್ಷಿಸದೆ, ಕಾಡಂಚಿನ ಹಳ್ಳಿಯಲ್ಲಿಯೂ ಪರೀಕ್ಷಿಸಿ ನೋಡತಕ್ಕದ್ದು.

ದಾಖಲೆಯು ಸತ್ಯವಾಗಿದ್ದರೆ ಸಾಲದು, ಬೇಕಾದ ದಿನದಲ್ಲಿ ಬೇಕಾದವನ ಕೈಗೆ ದೊರೆಯಲೂ ಬೇಕು. ಯಾವ ಪ್ರಶ್ನೆಗೆ ಸೂಚಿಯನ್ನು ಕಟ್ಟಲಾಗಿದೆಯೋ ಆ ಪ್ರಶ್ನೆಯನ್ನು ಕೇಳುವವರಿಗೆ ದಫ್ತರದ ಬಾಗಿಲು ಬೇಗನೆ ತೆರೆಯುವುದು. ಉಳಿದವರು ಹೊರಗೆ ಕಾಯಬೇಕಾಗುವುದು. ಆದುದರಿಂದ ಗ್ರಾಮದ ಜನರು ಏನನ್ನು, ಯಾವ ರೀತಿಯಿಂದ ಕೇಳುವರೆಂಬುದನ್ನು ಬಲ್ಲ ಪ್ರಮುಖರು ಅದನ್ನು ದಾಖಲೆಯ ಅಧಿಕಾರಿಗಳಿಗೂ ಸಂಘದ ಆಡಳಿತದವರಿಗೂ ಕಾಲಕಾಲಕ್ಕೆ ತಿಳಿಸುತ್ತಿರುವುದು ಅವಶ್ಯಕವು.